ಪಿಯುಸಿ ಮುಗಿಸಿದ ತಂಗಿಗೆ ಪಿಎಫ್ ಕಡಿತವಿಲ್ಲದ ಕೆಲಸವೇ ಲಾಭವೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮದ್ದೂರು ತಾಲ್ಲೂಕಿನವರು. ದ್ವಿತೀಯ ಪಿಯುಸಿ ಮುಗಿಸಿರುವ, ಹದಿನೆಂಟು ತುಂಬಿದ ನನ್ನ ತಂಗಿಯನ್ನು ಗೆಜ್ಜಲಗೆರೆ ಕಡೆಯ ಒಂದು ಗಾರ್ಮೆಂಟ್ಸ್‌ನವರು 14,000 ರೂಪಾಯಿ ಸಂಬಳಕ್ಕೆ ಕರೆದಿದ್ದಾರೆ. ಕಡಿತವೆಲ್ಲ ಹೋಗಿ ಕೈಗೆ ಹನ್ನೆರಡು ಸಾವಿರ ಚಿಲ್ಲರೆ ಬರುತ್ತದಂತೆ. ಎರಡು ವರ್ಷಕ್ಕೆ ಮದುವೆಯಾಗಿ ಹೋಗುವ ಹುಡುಗಿಗೆ ಪಿಎಫ್ (ಭವಿಷ್ಯನಿಧಿ) ಏಕೆ, ಹಿಡಿಯದ ಕಡೆಯೇ ಸೇರಿಸೋಣ ಎನ್ನುತ್ತಾರೆ ಅಪ್ಪ.

ಉತ್ತರ (ಕಾರ್ಮಿಕ ಕಾನೂನು ಸಲಹೆಗಾರರು, ಮಂಡ್ಯ): ನಮಸ್ಕಾರ. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ 15,000 ರೂಪಾಯಿವರೆಗಿನ ಸಂಬಳಕ್ಕೆ ಪಿಎಫ್ ಕಡ್ಡಾಯ; ಆದ್ದರಿಂದ ಹಿಡಿಯದ ಕಡೆ ಕಾನೂನೇ ಮುರಿದಿರುತ್ತದೆ, ಅಂಥಲ್ಲಿ ಓಟಿಗೆ (ಹೆಚ್ಚುವರಿ ಹೊತ್ತಿನ ಕೆಲಸಕ್ಕೆ) ದುಪ್ಪಟ್ಟು ಕೂಲಿ ಸಿಗುವುದೂ ಅನುಮಾನ. ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕಿದರೆ ಪಿಎಫ್‌ಗೆ ಶೇ. 12ರಂತೆ 1,680, ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಶೇ. 0.75ರಂತೆ 105 ರೂಪಾಯಿ ಹೋಗಿ 12,215 ಕೈಗೆ ಬರುತ್ತದೆ. ಮಾಲೀಕರು ತಮ್ಮ ಪಾಲಾಗಿ ಪಿಎಫ್‌ಗೆ ಇನ್ನೊಂದು 1,680, ಇಎಸ್‌ಐಗೆ 455 ರೂಪಾಯಿ ಕಟ್ಟಬೇಕು. ಆ 105 ರೂಪಾಯಿಯಿಂದ ಆಕೆಗಷ್ಟೇ ಅಲ್ಲ, ಆಕೆಯನ್ನು ಅವಲಂಬಿಸಿದ ತಂದೆತಾಯಿಗೂ ಚಿಕಿತ್ಸೆ ಸಿಗುತ್ತದೆ. ಮುಂದೆ ಹೆರಿಗೆಯ ಕಾಲದಲ್ಲಿ, ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ತಲಾ ಆರು ತಿಂಗಳು) 70 ದಿನಗಳ ಇಎಸ್‌ಐ ವಂತಿಗೆ ಇದ್ದರೆ, 26 ವಾರಗಳ ವೇತನ ಬರುತ್ತದೆ.

ಮದುವೆಯ ಮಾತಿಗೆ ಬರುತ್ತೇನೆ. ನಮ್ಮ ಕಡೆ ಹುಡುಗಿಯರು ಮದುವೆ ಗೊತ್ತಾದ ಕೂಡಲೇ ಕೆಲಸ ಬಿಟ್ಟು, ಪಿಎಫ್ ಜೊತೆಗೆ, ಮಾಲೀಕರ ಪಾಲಿನಿಂದ ಕೂಡುವ ಪಿಂಚಣಿ ಹಣವನ್ನೂ ತೆಗೆದು ಒಡವೆಗೆ ಹಾಕುವುದುಂಟು. ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಹಣ ತೆಗೆದುಕೊಂಡರೆ ಅದುವರೆಗಿನ ಸೇವೆ ಲೆಕ್ಕದಿಂದ ಹೋಗುತ್ತದೆ. ಅದರ ಬದಲು ಸ್ಕೀಮ್ ಸರ್ಟಿಫಿಕೇಟ್ (ಪಿಂಚಣಿಗೆ ಲೆಕ್ಕವಾದ ಸೇವೆಯ ಪ್ರಮಾಣಪತ್ರ) ಪಡೆದರೆ, ಗಂಡನ ಊರು ಮೈಸೂರಾಗಲಿ ರಾಮನಗರವಾಗಲಿ, ಅಲ್ಲಿ ಮತ್ತೆ ಕೆಲಸಕ್ಕೆ ಸೇರಿದಾಗ ಹಳೆಯ ಸೇವೆಯೂ ಕೂಡುತ್ತದೆ. ಪಿಎಫ್ ಸದಸ್ಯರ ಕಾಯಂ ಗುರುತಾದ ಯುಎಎನ್ ಸಂಖ್ಯೆಯೂ ಅದೇ ಇರುತ್ತದೆ. ಅದಕ್ಕೆ ಜೋಡಿಸುವ ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ಎರಡೂ ತಂಗಿಯದೇ ಆಗಿರಲಿ, ನಿಮ್ಮದಲ್ಲ.

ಇನ್ನೊಬ್ಬ ಸದಸ್ಯೆ: ಮೇಡಂ, ಹೂಟಗಳ್ಳಿಯಲ್ಲಿ ನನ್ನ ಅಣ್ಣನ ಮಗಳಿಗೆ ‘ಅಪ್ರೆಂಟಿಸ್’ ಎಂದು ಹೇಳಿ ಪಿಎಫ್ ಹಿಡಿಯುತ್ತಿಲ್ಲ. ಇದು ಸರಿಯೇ?

ಉತ್ತರ: ಸರಿಯಿರಬಹುದು. 1961ರ ಅಪ್ರೆಂಟಿಸ್ ಕಾಯಿದೆಯಡಿ ತರಬೇತಿಯಲ್ಲಿರುವವರು ನೌಕರರಲ್ಲ. ಅವರಿಗೆ ಸ್ಟೈಪೆಂಡ್ ಇರುತ್ತದೆ, ಪಿಎಫ್, ಇಎಸ್‌ಐ ಇರುವುದಿಲ್ಲ. ಆದರೆ ಅದಕ್ಕೆ ನೋಂದಾಯಿತ ಒಪ್ಪಂದ ಇರಲೇಬೇಕು, ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಒಪ್ಪಂದವೇ ಇಲ್ಲದೆ ಉಳಿದವರಂತೆ ಲೈನಿನಲ್ಲಿ ಕೂರಿಸಿ ಟಾರ್ಗೆಟ್ ಕೊಡುತ್ತಿದ್ದರೆ, ಹಾಜರಾತಿಯ ದಾಖಲೆ ಮತ್ತು ಸಂಬಳ ಜಮೆಯಾದ ಬ್ಯಾಂಕ್ ವಿವರದೊಂದಿಗೆ ಪಿಎಫ್ ಕಚೇರಿಗೆ ಲಿಖಿತ ದೂರು ಕೊಡಬಹುದು.