ತೋಟದ ಮನೆಗೆ ಬೆಂಚ್ ವೈಸ್: 4 ಇಂಚೋ 6 ಇಂಚೋ?

ಹುಲೇಕಲ್_ಮಾಣಿ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಹುಲೇಕಲ್ ಕಡೆಗೆ ನಮ್ಮ ಮನೆ. ಕೊಟ್ಟಿಗೆಯಲ್ಲಿ ಈಗ ದನ ಕಮ್ಮಿ, ಹಾಗಾಗಿ ಒಂದು ಮೂಲೆ ಖಾಲಿ ಮಾಡಿ ಸಣ್ಣಪುಟ್ಟ ರಿಪೇರಿಗೆ ಅಂತ ಇಟ್ಟುಕೊಂಡಿದ್ದೇನೆ. ಗ್ರೈಂಡರ್ ಇದೆ, ಡ್ರಿಲ್ ಇದೆ, ಕೆಲಸದ ವಸ್ತುವನ್ನು ಎರಡು ದವಡೆಯ ನಡುವೆ ಕಚ್ಚಿ ಹಿಡಿಯುವ ವೈಸ್ ಒಂದಿಲ್ಲ. ಇಷ್ಟು ದಿನ ಏನಾದರೂ ಕೊಯ್ಯಬೇಕಾದರೆ ಮೆಟ್ಟಿಲ ಮೇಲಿಟ್ಟು ಕಾಲಲ್ಲಿ ಒತ್ತಿ ಹಿಡಿಯುವುದು, ಆಗದಿದ್ದರೆ ಅಪ್ಪಯ್ಯನನ್ನು ಕರೆಯುವುದು. ಹೋದ ವಾರ ಕಳೆ ಕತ್ತರಿಸುವ ಮಷಿನ್ನಿನ ಬ್ಲೇಡಿಗೆ ಹೀಗೇ ಸಾಣೆ ಹಿಡಿಯುತ್ತಿದ್ದೆ, ಜಾರಿ ಚಪ್ಪಲಿ ಕೊಯ್ದುಹೋಯಿತು. ಚಪ್ಪಲಿಗೇ ನಿಂತಿತು, ಪುಣ್ಯ. ಆಯಿ ನೋಡಿಬಿಟ್ಟಳು, ವೈಸ್ ಬರುವ ತನಕ ಗ್ರೈಂಡರ್ ಮುಟ್ಟುವ ಹಾಗಿಲ್ಲ.

ಕೆಲಸ ಇಷ್ಟೇ: ಬ್ಲೇಡ್ ಸಾಣೆ, ಸ್ಪ್ರಿಂಕ್ಲರಿನ ಜಿಐ ಪೈಪ್ ಕೊಯ್ಯುವುದು, ಮೆಟ್ಟುಗತ್ತಿಗೆ ಅರ ಹಾಕುವುದು, ಪಟ್ಟಿ ಕಬ್ಬಿಣ ಬಗ್ಗಿಸುವುದು, ಪಂಪ್ ಬಿಚ್ಚಿ ಜೋಡಿಸುವುದು. ಪೇಟೆಯ ಅಂಗಡಿಯಲ್ಲಿ ಕೇಳಿದರೆ "6 ಇಂಚಿಂದೇ ಒಯ್ಯಿ, ದೊಡ್ಡದಿದ್ದರೆ ಎಲ್ಲಕ್ಕೂ ಆಗುತ್ತದೆ" ಅಂದರು. ನಮ್ಮ ಭಾವ ಹೇಳುವುದು ಹುಬ್ಬಳ್ಳಿಗೆ ಹೋಗಿ ಗುಜರಿಯಲ್ಲಿ ಹಳೇದು ತಾ, ಹೊಸದೆಲ್ಲ ಸುಮ್ನೆ ಅಂತ. ಕೈಯಲ್ಲಿರುವುದು 5,000. ತಿರುಗುವ ಬೇಸಿನದ್ದು ತಗೊಳ್ಳಬೇಕಾ, ಬೇಡ್ವಾ? ಎಂತ ಮಾಡಲಿ?

ಕೋಡಿಬಾಗ_ಫಿಟ್ಟರ್

ತಮ್ಮಾ, ಇಷ್ಟೆಲ್ಲ ಬರೆದೆ, ವೈಸನ್ನು ಯಾವುದರ ಮೇಲೆ ಕೂರಿಸುತ್ತೀಯ ಅಂತ ಬರೆಯಲೇ ಇಲ್ಲವಲ್ಲ? 6 ಇಂಚಿನದ್ದು ತಂದು ಗಡಗಡ ಅಲ್ಲಾಡುವ ಮೇಜಿಗೆ ಬಿಗಿದರೆ ಅರ ಹಾಕುವಾಗ ವೈಸಿನ ಜೊತೆ ಮೇಜು, ಮೇಜಿನ ಜೊತೆ ನೀನು, ಮೂವರೂ ಹಿಂದೆ ಮುಂದೆ ಹೋಗುತ್ತಿರುತ್ತೀರಿ ಅಷ್ಟೆ. 30 ವರ್ಷ ಅರ ಹಿಡಿದೇ ಊಟ ಮಾಡಿದವನು ನಾನು. ಗಟ್ಟಿ ಬೆಂಚಿನ ಮೇಲಿರುವ 4 ಇಂಚು, ಲಡ್ಡು ಬೆಂಚಿನ ಮೇಲಿರುವ 6 ಇಂಚಿಗಿಂತ ಎಷ್ಟೋ ವಾಸಿ. ಹಾಗಾಗಿ ಮೊದಲು ಬೆಂಚಿನ ಕಥೆ ಹೇಳು.

ನೀನು ಹೇಳಿದ ಕೆಲಸಕ್ಕೆ 4 ಸಾಕು, 5 ಆದರೆ ಆರಾಮ. ಈ ಇಂಚು ಅಂದರೆ ದವಡೆಯ ಅಗಲ. 4 ಅಂದರೆ 100 ಮಿ.ಮೀ., 5 ಅಂದರೆ 125. ಬಾಯಿ ಎಷ್ಟು ತೆರೆಯುತ್ತದೆ ಅನ್ನುವುದು ಬೇರೆ ಲೆಕ್ಕ, ಅದನ್ನು ಅಂಗಡಿಯಲ್ಲಿ ತೆರೆಸಿಯೇ ನೋಡು. ತಿರುಗುವ ಬೇಸು ಬೇಡ. ತಿರುಗುವ ಜಾಗ ಒಂದು ಜಾಸ್ತಿ ಇದ್ದರೆ ಸಡಿಲಾಗುವ ಜಾಗವೂ ಒಂದು ಜಾಸ್ತಿ.

ಇನ್ನೊಂದು, ಏನೇ ತಂದರೂ ಹ್ಯಾಂಡಲಿಗೆ ಪೈಪ್ ಸಿಕ್ಕಿಸಿ ಬಿಗಿಯಬೇಡ. ನಾನಿದ್ದ ವರ್ಕ್‌ಶಾಪಿಗೆ ಹೊಸದಾಗಿ ಬಂದ ಹುಡುಗನೊಬ್ಬ ಹಾಗೆ ಮಾಡಿದ್ದ. ಟಪ್ ಅಂತ ಒಂದೇ ಸದ್ದು, ಮುಂದಿನ ದವಡೆ ಬುಡದಿಂದ ಕಳಚಿ ಅವನ ಬೂಟಿನ ಪಕ್ಕ ಬಿತ್ತು. ಮುರಿದ ಜಾಗ ನೋಡಿದರೆ ಬೂದು ಬಣ್ಣದ ಸಕ್ಕರೆ ಹರಳಿನ ಹಾಗೆ ಮಿಣಮಿಣ ಅನ್ನುತ್ತಿತ್ತು. ಲೆಕ್ಕ ಹಾಕಿ ನೋಡು, ಹ್ಯಾಂಡಲನ್ನು ಸ್ಕ್ರೂವಿನ ನಡುವಿನಿಂದ 150 ಮಿ.ಮೀ. ದೂರದಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರೆ ಕೈ ಸುಮಾರು 940 ಮಿ.ಮೀ. ಓಡುತ್ತದೆ, ದವಡೆ ಮುಂದೆ ಹೋಗುವುದು ಬರೀ 5 ಮಿ.ಮೀ. (ಸ್ಕ್ರೂ ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ, 5 ಇದ್ದರೆ). ಮುಕ್ಕಾಲು ಪಾಲು ತಿಕ್ಕಾಟಕ್ಕೇ ಹೋಯಿತು ಅಂದುಕೊಂಡರೂ 20 ಕೆ.ಜಿ. ಬಲಕ್ಕೆ 900 ಕೆ.ಜಿ. ಮೇಲೆಯೇ ಹಿಡಿತ ಸಿಗುತ್ತದೆ. ಅದಕ್ಕೆ ಮತ್ತೆ ಪೈಪು ಯಾಕೆ?

ಮೆಕ್ಯಾನಿಕಲ್_ಅಕ್ಕ

ಫಿಟ್ಟರ್ ಅಣ್ಣ ಹೇಳಿದ ಸಕ್ಕರೆ ಹರಳು ಇದೆಯಲ್ಲ, ಅಲ್ಲೇ ಇರುವುದು ವಿಷಯ. ಅದು ಮಾಮೂಲಿ ಬೀಡು, ಅಂದರೆ ಎರಕದ ಕಬ್ಬಿಣ. ಬೀಡಿನೊಳಗೆ ಕಾರ್ಬನ್ನು ಗ್ರಾಫೈಟಿನ ತೆಳು ಚಕ್ಕೆಗಳಾಗಿ ಕೂತಿರುತ್ತದೆ. ಒಂದೊಂದು ಚಕ್ಕೆಯ ತುದಿಯೂ ಮೊದಲೇ ಬಿದ್ದ ಬಿರುಕಿನ ಹಾಗೆ. ಒತ್ತಿದರೆ ತಡೆಯುತ್ತದೆ, ಎಳೆದರೆ ಅಥವಾ ಸುತ್ತಿಗೆಯಿಂದ ಬಡಿದರೆ ಬಗ್ಗುವುದೇ ಇಲ್ಲ, ಸೀದಾ ಒಡೆಯುತ್ತದೆ. ಅದೇ ಕರಗಿದ ಬೀಡಿಗೆ ಒಂಚೂರು ಮೆಗ್ನೀಸಿಯಂ ಸೇರಿಸಿದರೆ ಗ್ರಾಫೈಟು ಚಕ್ಕೆಯಾಗುವ ಬದಲು ಸಾಸಿವೆ ಕಾಳಿನ ಹಾಗೆ ಉಂಡೆಯಾಗುತ್ತದೆ, ಆಗ ಲೋಹ ಒಡೆಯುವ ಮೊದಲು ಸ್ವಲ್ಪ ಬಗ್ಗುತ್ತದೆ. ಅಮೆರಿಕದ ಕೀತ್ ಮಿಲ್ಲಿಸ್ ಅನ್ನುವವರು 1943ರಲ್ಲಿ ಇದನ್ನು ಕಂಡುಹಿಡಿದರು. ಇದಕ್ಕೇ ಎಸ್‌ಜಿ (ಸ್ಫೆರಾಯ್ಡಲ್ ಗ್ರಾಫೈಟ್, ಅಂದರೆ ಉಂಡೆ ಗ್ರಾಫೈಟಿನ) ಐರನ್ ಅನ್ನುವುದು, ಕೆಲವರು ಡಕ್ಟೈಲ್ ಅಂತಲೂ ಬರೆಯುತ್ತಾರೆ.

ಹಾಗಾಗಿ ಅಂಗಡಿಯಲ್ಲಿ ಎಷ್ಟು ಇಂಚು ಅಂತ ಕೇಳುವ ಮೊದಲು ಬೀಡೋ ಎಸ್‌ಜಿಯೋ ಅಂತ ಕೇಳಿ. ನೋಡಲು ಎರಡೂ ಒಂದೇ, ಮೇಲಿನ ಬಣ್ಣವೂ ಒಂದೇ. ನೀವು ಪಟ್ಟಿ ಬಗ್ಗಿಸುತ್ತೀರಿ ಅಂದರೆ ಸುತ್ತಿಗೆ ಏಟು ಬಿದ್ದೇ ಬೀಳುತ್ತದೆ, ಎಸ್‌ಜಿಯೇ ತಗೊಳ್ಳಿ. 6 ಇಂಚಿನ ಬೀಡಿಗಿಂತ 4 ಇಂಚಿನ ಎಸ್‌ಜಿ ನಿಮಗೆ ಜಾಸ್ತಿ ದಿನ ಬರುತ್ತದೆ. ಬೆಂಚ್ ವೈಸಿಗೆ ಐಎಸ್ 2586 ಅಂತ ಭಾರತೀಯ ಮಾನಕವೂ ಇದೆ, ಡಬ್ಬದ ಮೇಲೆ ಆ ನಂಬರ್ ಕಂಡರೆ ಒಳ್ಳೆಯದೇ.

ಯಲ್ಲಾಪುರ_ಘಟ್ಟ

ತಿರುಗುವ ಬೇಸು ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಶೆಡ್ಡು 8 ಅಡಿ ಅಗಲ, 20 ಅಡಿ ಪೈಪನ್ನು ನೇರ ಹಿಡಿದರೆ ಗೋಡೆಗೆ ತಾಗುತ್ತದೆ. ವೈಸನ್ನು ಓರೆ ತಿರುಗಿಸಿ ಪೈಪಿನ ಬಾಲವನ್ನು ಬಾಗಿಲಿನ ಆಚೆ ಬಿಡುತ್ತೇನೆ. ಜಾಗ ಇದ್ದವರಿಗೆ ಫಿಕ್ಸೆಡ್ ಸರಿ, ಇಲ್ಲದವರು ಏನು ಮಾಡಬೇಕು?

ಹಳೇದು ತರುವುದಾದರೆ ಬಣ್ಣ ನೋಡಿ ಮರುಳಾಗಬೇಡಿ. ಗಡಿಗೆ ಕೊಳ್ಳುವಾಗ ಬಡಿದು ನೋಡುತ್ತೇವಲ್ಲ, ಹಾಗೇ ಸ್ಪ್ಯಾನರಿನಿಂದ ಎರಡೂ ದವಡೆಗೆ, ಬುಡಕ್ಕೆ ಮೆಲ್ಲಗೆ ಬಡಿಯಿರಿ. ಸರಿ ಇದ್ದರೆ ಟಣ್ ಅನ್ನುತ್ತದೆ, ಬಿರುಕಿದ್ದರೆ ಬೊದ್ ಅನ್ನುತ್ತದೆ. ಆಮೇಲೆ ಪೂರ್ತಿ ಹೊರಗೆ ತೆಗೆಸಿ ಸ್ಕ್ರೂ ನೋಡಿ. ನಡುವಿನ ಆಟೆ (ಥ್ರೆಡ್) ಮಾತ್ರ ಸವೆದು ಚೂಪಾಗಿದ್ದರೆ ಬಿಟ್ಟುಬಿಡಿ. ಎರಡು ಕಾಗದದ ಚೂರು ತಗೊಂಡು ದವಡೆಯ ಆ ತುದಿಗೊಂದು ಈ ತುದಿಗೊಂದು ಇಟ್ಟು ಹಗುರಕ್ಕೆ ಬಿಗಿದು ಎಳೆಯಿರಿ. ಒಂದು ಬಿಗಿ, ಒಂದು ಜಾರಿದರೆ ದವಡೆ ಸೊಟ್ಟ. ದವಡೆಯ ಪ್ಲೇಟು ಸ್ಕ್ರೂ ಹಾಕಿ ಕೂರಿಸಿದ್ದಾಗಿರಬೇಕು, ಸವೆದರೆ ಅದನ್ನಷ್ಟೇ ಬದಲಾಯಿಸಬಹುದು.

ಹುಲೇಕಲ್_ಮಾಣಿ

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಫಿಟ್ಟರ್ ಅಣ್ಣ, ಬೆಂಚು ಅಂತ ಈಗ ಇರುವುದು ಹಳೇ ಶಾಲೆಯ ಮೇಜು, ಹೇಳಲು ನಾಚಿಕೆ. ಆದರೆ ಅಟ್ಟದ ಮೇಲೆ ಅಜ್ಜನ ಕಾಲದ ಮತ್ತಿ ಹಲಗೆ ಒಂದಿದೆ. 2 ಇಂಚು ದಪ್ಪ, ಮೂರೂವರೆ ಅಡಿ ಉದ್ದ. ಅದಾಗುತ್ತದಾ? ಎತ್ತರ ಎಷ್ಟಿರಬೇಕು?

ಭಾನುವಾರ ಭಾವನ ಜೊತೆ ಹುಬ್ಬಳ್ಳಿಗೆ ಹೊರಟಿದ್ದೇನೆ. ಸ್ಪ್ಯಾನರ್ ಕಿಸೆಯಲ್ಲಿ ಇಟ್ಟುಕೊಂಡೇ ಹೋಗುತ್ತೇನೆ.

ಕೋಡಿಬಾಗ_ಫಿಟ್ಟರ್

ಮತ್ತಿ ಹಲಗೆ ಇಟ್ಟುಕೊಂಡು ಶಾಲೆ ಮೇಜು ಅನ್ನುತ್ತೀಯಲ್ಲ ಮಾರಾಯ! ಅದನ್ನೇ ಹಾಕು. ಕಾಲಿಗೆ ಆಂಗಲ್ ಹಾಕಿಸಿ ನೆಲಕ್ಕೆ ಕಾಂಕ್ರೀಟಿನಲ್ಲಿ ಹಿಡಿಸು, ಹಿಂದಿನ ಎರಡನ್ನು ಗೋಡೆಗೂ ಬಿಗಿ.

ಎತ್ತರಕ್ಕೆ ಟೇಪು ಬೇಡ. ನೆಟ್ಟಗೆ ನಿಂತು ಮುಷ್ಟಿಯನ್ನು ಗದ್ದದ ಕೆಳಗೆ ಇಟ್ಟುಕೋ, ಮೊಣಕೈ ದವಡೆಯ ಮೇಲ್ಭಾಗಕ್ಕೆ ತಾಗಬೇಕು. ವೈಸಿನ ಎತ್ತರ ಕಳೆದು ಬೆಂಚಿನ ಎತ್ತರ ಮಾಡಿಸು. ತುಂಬ ಜನ ಇಲ್ಲೇ ತಪ್ಪುತ್ತಾರೆ, ಬೆಂಚನ್ನು ಅಡಿಗೆ ಕಟ್ಟೆಯಷ್ಟು ಎತ್ತರ ಮಾಡಿ ಅದರ ಮೇಲೆ ವೈಸ್ ಕೂರಿಸಿ ಆಮೇಲೆ ಭುಜ ನೋವು ಅನ್ನುತ್ತಾರೆ.

ಕೂರಿಸುವುದು ಬೆಂಚಿನ ಕಾಲಿನ ನೇರಕ್ಕೆ, ನಡುವಿನಲ್ಲಿ ಅಲ್ಲ. ಹಿಂದಿನ ದವಡೆ, ಅಂದರೆ ಅಲುಗಾಡದ್ದು, ಬೆಂಚಿನ ಅಂಚಿಗಿಂತ ಒಂದು ನೂಲು ಹೊರಗಿರಲಿ. ಆಗ ಉದ್ದದ ಪಟ್ಟಿಯನ್ನು ನಿಲ್ಲಿಸಿ ಹಿಡಿದರೆ ಅಂಚಿಗೆ ತಾಗದೆ ಕೆಳಗೆ ಇಳಿಯುತ್ತದೆ. ಮರದ ಸ್ಕ್ರೂ ಹಾಕಬೇಡ. 12 ಎಂಎಂ ಬೋಲ್ಟು ಆರುಪಾರು ಹೊಡೆದು ಕೆಳಗೆ ಪಟ್ಟಿ ಕೊಟ್ಟು ನಟ್ ಬಿಗಿ. ಮಳೆಗಾಲ ಕಳೆದು ಮರ ಒಣಗಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು, ಮರೆಯಬೇಡ.

ಬಗ್ಗಿಸುವಾಗ ಸುತ್ತಿಗೆ ಏಟು ಹಿಂದಿನ ದವಡೆ ಕಡೆಗೆ ಬೀಳಲಿ. ಮುಂದಿನದರ ಕಡೆಗೆ ಬಡಿದರೆ ಎಲ್ಲ ಭಾರ ಸ್ಕ್ರೂವಿನ ಮೇಲೆ. ಜೋರು ಬಡಿಯುವ ಕೆಲಸ ಇದ್ದರೆ ನಿಮ್ಮ ಊರಿನ ಆಚಾರಿಯ ಕುಲುಮೆಗೆ ಒಯ್ಯಿ, ಅವರದ್ದು ಕಾಲಿರುವ ವೈಸ್ ಆಗಿದ್ದರೆ ಏಟಿನ ಭಾರ ಸೀದಾ ನೆಲಕ್ಕೆ ಇಳಿಯುತ್ತದೆ.

ಬೇಲೇಕೇರಿ_ಗಾಳಿ

ನೀವೆಲ್ಲ ಘಟ್ಟದ ಮೇಲಿನವರು ಪುಣ್ಯವಂತರು. ನಮ್ಮಲ್ಲಿ ಸಮುದ್ರದ ಉಪ್ಪು ಗಾಳಿಯಲ್ಲೇ ಬರುತ್ತದೆ, ಕಬ್ಬಿಣದ ಮೇಲೆ ಕೂತು ನೀರು ಎಳೆದುಕೊಳ್ಳುತ್ತದೆ. ಹೊಸ ವೈಸ್ ತಂದ ವರ್ಷ ಜೂನಿನಲ್ಲಿ ಮುಚ್ಚಿಟ್ಟು ಬೋಟಿನ ಕೆಲಸಕ್ಕೆ ಹೋದೆ, ಗಣೇಶ ಚೌತಿಗೆ ತೆಗೆದರೆ ಸ್ಕ್ರೂ ತಿರುಗಲೇ ಇಲ್ಲ. ತಪ್ಪು ನನ್ನದೇ, ಪ್ಲಾಸ್ಟಿಕ್ ಸುತ್ತಿದ್ದೆ. ಒಳಗೆ ಬೆವರಿ ಇನ್ನೂ ಜಾಸ್ತಿ ತುಕ್ಕು ಹಿಡಿದಿತ್ತು. ಈಗ ಹಳೇ ಹತ್ತಿ ಬಟ್ಟೆಗೆ ಎಣ್ಣೆ ಸವರಿ ಹೊದಿಸುತ್ತೇನೆ, ಸ್ಕ್ರೂವಿಗೆ ಗ್ರೀಸ್, ಜಾರುವ ಭಾಗಕ್ಕೆ ಮಷಿನ್ ಎಣ್ಣೆ. ತೆಂಗಿನೆಣ್ಣೆ ಮಾತ್ರ ಬೇಡ, ಹಳತಾದರೆ ಕಮಟಿ ಅಂಟಾಗುತ್ತದೆ. ಬಿಗಿಯುವ ಮುಖಕ್ಕೆ ಎಣ್ಣೆ ಹಚ್ಚಿದರೆ ಕೆಲಸ ಶುರು ಮಾಡುವ ಮೊದಲು ಒರೆಸಿ.

ಯಲ್ಲಾಪುರ_ಘಟ್ಟ

ಘಟ್ಟದ ಮೇಲೆ ಉಪ್ಪಿಲ್ಲ, ಮೈಲುತುತ್ತ ಇದೆಯಲ್ಲ! ಅಡಿಕೆಗೆ ಕೊಳೆ ಔಷಧಿ (ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ) ಹೊಡೆದ ದೋಟಿಯ, ಅಂದರೆ ಉದ್ದ ಕೋಲಿನ, ನಾಜಲ್ಲನ್ನು ತೊಳೆಯದೆ ವೈಸಿಗೆ ಕಚ್ಚಿಸಿ ಬಿಚ್ಚುವವರನ್ನು ನೋಡಿದ್ದೇನೆ. ಬೋರ್ಡೋ ಸರಿಯಾಯಿತಾ ಅಂತ ಕತ್ತಿ ಅದ್ದಿ ನೋಡುತ್ತೇವೆ, ಸುಣ್ಣ ಕಮ್ಮಿಯಾದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ, ಅಲ್ವಾ? ಅದೇ ಕೆಲಸ ವೈಸಿನ ಮೇಲೂ ಆಗುತ್ತದೆ. ತಾಮ್ರ ಕೂತಷ್ಟೂ ಕಬ್ಬಿಣ ತಿಂದುಹೋಗುತ್ತದೆ. ಮೈಲುತುತ್ತದ ಚೀಲವನ್ನು ಆ ಮೂಲೆಯಲ್ಲಿ ಇಡಲೇಬೇಡಿ.

ಹುಲೇಕಲ್_ಮಾಣಿ

ಹುಬ್ಬಳ್ಳಿ ವರದಿ. ಗುಜರಿಯಲ್ಲಿ 6 ಇಂಚಿನ ಹಳೇ ವೈಸ್ ಒಂದು ಹಸಿರು ಬಣ್ಣ ಬಳಿದುಕೊಂಡು ಮದುಮಗನ ಹಾಗೆ ಕೂತಿತ್ತು. ಭಾವ ಆಗಲೇ ದುಡ್ಡು ತೆಗೆದಿದ್ದ. ನಾನು ಸ್ಪ್ಯಾನರಿನಿಂದ ಬಡಿದೆ. ಹಿಂದಿನ ದವಡೆ ಟಣ್, ಮುಂದಿನದು ಬೊದ್. ಉಗುರಿನಿಂದ ಬಣ್ಣ ಕೆರೆದರೆ ಬುಡದಲ್ಲಿ ಬೆರಳು ದಪ್ಪದ ವೆಲ್ಡಿಂಗ್ ಗೆರೆ. ಅಂಗಡಿಯವನು ಏನೂ ಮಾತಾಡದೆ ಅದನ್ನು ಒಳಗೆ ಎತ್ತಿಟ್ಟ. ಭಾವ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಕೊನೆಗೆ ಹೊಸದೇ ತಂದೆ. ಎಸ್‌ಜಿ, 5 ಇಂಚು, ಫಿಕ್ಸೆಡ್ ಬೇಸು. 5,000ದ ಮೇಲೆ ಸ್ವಲ್ಪ ಹೋಯಿತು, ಆಯಿಗೆ ಹೇಳಿಲ್ಲ. ಮತ್ತಿ ಹಲಗೆಗೆ ತೂತು ಹೊಡೆಯಲು ಒಂದು ಬಿಟ್ ಬಲಿ ಕೊಟ್ಟೆ. ಬೋಲ್ಟು ಬಿಗಿದು, ಮೆಟ್ಟುಗತ್ತಿ ಹಿಡಿದು ಅರ ಹಾಕಿದೆ. ಬೆಂಚು ಕದಲಲಿಲ್ಲ, ಅರದ ಸದ್ದೇ ಬೇರೆ ಥರ ಬರುತ್ತದೆ. ಆದರೆ ಕತ್ತಿಯ ಎರಡೂ ಬದಿ ದವಡೆಯ ಹಲ್ಲಿನ ಚೌಕುಳಿ ಗುರುತು ಬಿತ್ತು, ಅಪ್ಪಯ್ಯ ನೋಡಿ "ಇದಕ್ಕೆಂತ ಆತು" ಅಂದ.

ಇನ್ನೊಂದು. ಹ್ಯಾಂಡಲ್ ಬಿಟ್ಟ ಕೂಡಲೇ ಅದು ಜಾರಿ ಕೆಳಗೆ ಬೀಳುತ್ತದಲ್ಲ, ಮೇಲಿನ ಗುಂಡಿಗೂ ಸ್ಕ್ರೂ ತಲೆಗೂ ನಡುವೆ ಕಿರುಬೆರಳ ಪಕ್ಕದ ಚರ್ಮ ಎರಡು ಸಲ ಸಿಕ್ಕಿತು. ಇದಕ್ಕೆ ಏನಾದರೂ ಉಪಾಯ ಇದೆಯಾ?

ಕೋಡಿಬಾಗ_ಫಿಟ್ಟರ್

ಎರಡೇ ಸಲವಾ? ನನಗೆ ಮೊದಲ ತಿಂಗಳಲ್ಲಿ ಲೆಕ್ಕವೇ ಇರಲಿಲ್ಲ. ಹ್ಯಾಂಡಲಿನ ಎರಡೂ ತುದಿಯಲ್ಲಿ ಗುಂಡಿಯ ಒಳಬದಿಗೆ ದಪ್ಪ ರಬ್ಬರ್ ರಿಂಗ್ ಏರಿಸು. ಪಂಪಿನ ಓ-ರಿಂಗ್ ಆದರೂ ಆಗುತ್ತದೆ, ಬಿಗಿಯಾಗಿ ಕೂರಬೇಕು. ಸಿಗದಿದ್ದರೆ ಹಳೇ ಸೈಕಲ್ ಟ್ಯೂಬ್ ಕೊಯ್ದು ನಾಲ್ಕು ಸುತ್ತು ಸುತ್ತು. ಚರ್ಮದ ಬದಲು ರಬ್ಬರ್ ಏಟು ತಿನ್ನುತ್ತದೆ.

ಗುರುತಿಗೆ ಎರಡು ತುಂಡು ಅಲ್ಯೂಮಿನಿಯಂ ಆಂಗಲ್ ದವಡೆಯ ಉದ್ದಕ್ಕೆ ಕೊಯ್ದು ಹಲ್ಲಿನ ಮೇಲೆ ಟೊಪ್ಪಿ ಹಾಗೆ ಕೂರಿಸು. ಕತ್ತಿಗಾದರೆ ಮರದ ಚಕ್ಕೆಯೂ ನಡೆಯುತ್ತದೆ.

ಹುಲೇಕಲ್_ಮಾಣಿ

ಟ್ಯೂಬ್ ಸುತ್ತಿದೆ. ಮರದ ಚಕ್ಕೆಗೆ ಅಂತ ಆಯಿಯ ಮುರಿದ ಈಳಿಗೆ ಮಣೆ ಕೊಯ್ದೆ, ಈಗ ಅದಕ್ಕೆ ಬೇರೆ ಬೈಸಿಕೊಳ್ಳುತ್ತಿದ್ದೇನೆ. ಗ್ರೈಂಡರ್ ಮಾತ್ರ ವಾಪಸ್ ಸಿಕ್ಕಿತು.