ಸಾಗವಾನಿ ತೋಪಿನ ಕೆಳಗಿನ ಹಡ್ಲು: ಕಾಲುವೆ ತೋಡಬೇಕೇ, ಹಾಗೇ ಬಿಡಬೇಕೇ?

ಕುಶಾವತಿ ದಂಡೆ:
ಗೋವಾದ ಸಾಂಗೆಂ ಕಡೆ ಎರಡೂವರೆ ಹೆಕ್ಟೇರ್ ಖಾಸಗಿ ಸಾಗವಾನಿ ತೋಪು. ಜಂಬಿಟ್ಟಿಗೆ ಮಣ್ಣು, ಇಳಿಜಾರು ಸುಮಾರು ಶೇ. 10. ಬುಡದಲ್ಲಿ ಅರ್ಧ ಎಕರೆ ಹಡ್ಲು (ಜೌಗು ನೆಲ), ವರ್ಷವಿಡೀ ಒದ್ದೆ. ಅದರ ಕೆಳಗೆ ಕುಡಿಯುವ ನೀರಿನ ಬಾವಿ. ಡಿಸೆಂಬರಿನಲ್ಲಿ ಥಿನ್ನಿಂಗ್ (ನಡುನಡುವೆ ಕೆಲವು ಮರ ಕಡಿದು ತೋಪು ತೆಳುವಾಗಿಸುವುದು) ಇದೆ, ಲಾರಿ ದಾರಿ ಹಡ್ಲಿನ ಪಕ್ಕದಲ್ಲೇ. ಹಡ್ಲಿನ ನಡುವೆ ಕಾಲುವೆ ತೆಗೆದು ಮಳೆನೀರನ್ನು ಬೇಗ ಹಳ್ಳಕ್ಕೆ ಬಿಡಿ ಎನ್ನುವುದು ಗುತ್ತಿಗೆದಾರರ ಸಲಹೆ. ಸರಿಯೇ? ಹಡ್ಲಿನಿಂದ ನೀರು ಹೊರಬೀಳುವಲ್ಲಿ ಎಣ್ಣೆಯಂಥ ಪೊರೆ, ಕಿತ್ತಳೆ ಲೋಳೆಯೂ ಇದೆ. ಡೀಸೆಲ್ ಇರಬಹುದೇ?

ಕಾನುಹಳ್ಳ:
ದಯವಿಟ್ಟು ಕಾಲುವೆ ತೋಡಬೇಡಿ. ಹಡ್ಲು ನೀರನ್ನು ಶುದ್ಧ ಮಾಡುವುದೇ ಅದನ್ನು ಹರಡಿ, ತಡೆದು ನಿಲ್ಲಿಸುವುದರಿಂದ. ನಿಧಾನವಾದ ನೀರಿನಲ್ಲಿ ಹೂಳು ಕೆಳಗಿಳಿಯುತ್ತದೆ. ಗಾಳಿಯಾಡದ ಕೆಸರಿನ ಬ್ಯಾಕ್ಟೀರಿಯಾ ಗೊಬ್ಬರದಿಂದ ಬಂದ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಕಾಲುವೆ ಬಿದ್ದರೆ ನೀರು ನಿಲ್ಲುವುದೇ ಇಲ್ಲ, ಕೆಸರು ಒಣಗುತ್ತದೆ, ಎರಡೂ ಕೆಲಸ ನಿಂತುಹೋಗುತ್ತವೆ.

ಆದರೆ ಹಡ್ಲನ್ನು ಹೂಳಿನ ತೊಟ್ಟಿ ಮಾಡಿಕೊಳ್ಳಬಾರದು. ಗೋವಾದ ಸತ್ತರಿಯ ನಿರಂಕಾರಾಚಿ ರಾಯ್, ನಮ್ಮ ಸಿದ್ದಾಪುರದ ಕತ್ತಲೆಕಾನು ಎಂಬ ಜೌಗು ಕಾಡುಗಳಲ್ಲಿ ರಾಮಪತ್ರೆ ಜಾತಿಯ ಮರಗಳ ಬೇರು ಮಂಡಿ ಮಡಚಿದಂತೆ ಕೆಸರಿನಿಂದ ಮೇಲೆದ್ದಿರುವುದು ಉಸಿರಾಟಕ್ಕೆ. ಒಂದು ಮಳೆಗಾಲದ ಹೂಳು ಅದರ ಮೇಲೆ ಕೂತರೆ ಮರಕ್ಕೆ ಉಸಿರುಕಟ್ಟುತ್ತದೆ.

ಹಡ್ಲಿನ ಅಂಚಿನಿಂದ ಕನಿಷ್ಠ 15 ಮೀಟರ್, ಕಡಿದಾದಲ್ಲಿ 30 ಮೀಟರ್ ಪಟ್ಟಿ ಬಿಡಿ. ಅಲ್ಲಿ ಲಾರಿ, ದಿಮ್ಮಿ ಎಳೆತ, ಬೆಂಕಿ, ಗೊಬ್ಬರ ಯಾವುದೂ ಬೇಡ. ಸಾಗವಾನಿಯ ಅಗಲ ಎಲೆಯಿಂದ ಉದುರುವ ದಪ್ಪ ಹನಿ ಬರಿನೆಲವನ್ನು ಕೊರೆಯುತ್ತದೆ, ಹಾಗಾಗಿ ತರಗೆಲೆ, ಕುರುಚಲು ಉಳಿಯಲೇಬೇಕು. ಕಡಿದ ರೆಂಬೆಗಳನ್ನು ಇಳಿಜಾರಿಗೆ ಅಡ್ಡವಾಗಿ ಸಾಲು ಹಾಕಿ. ಹಡ್ಲಿಗೆ ಎಸೆದರೆ ಕೊಳೆತು ನೀರು ಕಪ್ಪಾಗಿ ನಾರುತ್ತದೆ.

ಘಾಟ್ ರಸ್ತೆ:
ಹೂಳು ಹೆಚ್ಚಾಗಿ ಬರುವುದು ಮರ ಕಡಿದ ಜಾಗದಿಂದಲ್ಲ, ದಾರಿಯಿಂದ. ಮೊದಲು ದಾರಿಯನ್ನು ಹಡ್ಲಿನಿಂದ ಮೇಲಕ್ಕೆ ಸರಿಸಿ. ಶೇ. 10 ಇಳಿಜಾರಿಗೆ ಸುಮಾರು 25 ಮೀಟರಿಗೊಂದು ಅಡ್ಡದಿಣ್ಣೆ (ದಾರಿಯ ನೀರನ್ನು ಪಕ್ಕಕ್ಕೆ ತಿರುಗಿಸುವ ತಗ್ಗು ಮಣ್ಣಿನ ದಿಬ್ಬ) ಬೇಕು, ಶೇ. 15 ಇರುವಲ್ಲಿ 18 ಮೀಟರಿಗೊಂದು. ದಿಣ್ಣೆ 30 ಡಿಗ್ರಿ ಓರೆ ಇರಲಿ, ನೇರ ಅಡ್ಡ ಹಾಕಿದರೆ ನೀರು ಅಲ್ಲೇ ನಿಂತು ಒಡೆದುಕೊಂಡು ಹೋಗುತ್ತದೆ. ಅದರ ಬಾಯಿ ಹಡ್ಲಿಗಲ್ಲ, ಪೊದೆ ನೆಲಕ್ಕೆ ತೆರೆಯಲಿ. ಬಾಯಲ್ಲಿ ಒಂದು ಹೂಳುಗುಂಡಿ, ಅದರಾಚೆ ಗೇಣಿಗೊಂದರಂತೆ ಲಾವಂಚದ ಸಾಲು. ಗುಂಡಿ ಅರ್ಧ ತುಂಬಿದಾಗಲೇ ಎತ್ತಿಸಿ.

ಈ ಕೆಲಸ ಮೇ ಮಧ್ಯದೊಳಗೆ ಮುಗಿಯಬೇಕು. ಹಳೆಯ ಚಕ್ರದ ಜಾಡು ಹಡ್ಲಿನೊಳಗಿದ್ದರೆ ಅದೂ ಕಾಲುವೆಯೇ: ಬಿದಿರುಗೂಟ ಬಡಿದು ರೆಂಬೆ ಕಟ್ಟು ತುಂಬಿ ಮುಚ್ಚಿ. ಕಟ್ಟು ದಡಕ್ಕಿಂತ ಎತ್ತರವಾದರೆ ನೀರು ಪಕ್ಕದಲ್ಲಿ ಹೊಸ ದಾರಿ ಕೊರೆಯುತ್ತದೆ. ಅಂದಹಾಗೆ, ಗೋವಾದಲ್ಲಿ 1984ರ ಮರ ಸಂರಕ್ಷಣಾ ಕಾಯ್ದೆ ಇದೆ, ಖಾಸಗಿ ಜಾಗವಾದರೂ ಕಡಿಯುವ ಮೊದಲು ಅನುಮತಿ ಪಡೆಯಿರಿ.

ಮಣ್ಣುನೀರು:
ಪೊರೆಯನ್ನು ಕಡ್ಡಿಯಿಂದ ಕಲಕಿ ನೋಡಿ. ಗಾಜು ಒಡೆದಂತೆ ಚೂರುಚೂರಾಗಿ ಹಾಗೇ ನಿಂತರೆ ಕಬ್ಬಿಣದ ಬ್ಯಾಕ್ಟೀರಿಯಾ. ಕ್ಷಣದಲ್ಲಿ ಮತ್ತೆ ಕೂಡಿಕೊಂಡು ವಾಸನೆ ಹೊಡೆದರೆ ಡೀಸೆಲ್. ಕಿತ್ತಳೆ ಲೋಳೆ ಜಂಬಿಟ್ಟಿಗೆಯ ಕಬ್ಬಿಣದ್ದು: ಕೆಸರಿನೊಳಗೆ ಕರಗಿ, ಹೊರಗೆ ಗಾಳಿ ತಾಗಿದೊಡನೆ ತುಕ್ಕಾಗುತ್ತದೆ. ಅದು ಮಾಲಿನ್ಯವಲ್ಲ.

ರಂಜಕದ ವಿಷಯದಲ್ಲಿ ಹಡ್ಲನ್ನು ಪೂರ್ತಿ ನಂಬಬೇಡಿ. ಮಣ್ಣಿನ ಕಬ್ಬಿಣಕ್ಕೆ ಅಂಟಿಕೊಂಡು ಬಂದ ರಂಜಕ, ಗಾಳಿಯಿಲ್ಲದ ಕೆಸರಿನಲ್ಲಿ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಮಣ್ಣನ್ನು ಮೇಲೆಯೇ ತಡೆಯಿರಿ ಎನ್ನುವುದು ಇದಕ್ಕೂ ಸೇರಿ. ರೋಗಾಣುಗಳೂ ಪೂರ್ತಿ ಹೋಗುವುದಿಲ್ಲ, ಬಾವಿ ನೀರನ್ನು ಕುದಿಸಿಯೇ ಕುಡಿಯಬೇಕು.

ಕುಶಾವತಿ ದಂಡೆ:
ಧನ್ಯವಾದ. ದಾರಿ ಮೇಲಕ್ಕೆ ಸರಿಸುತ್ತೇವೆ. ಅಂಚಿನ ಕಳೆಗೆ ಗ್ಲೈಫೊಸೇಟ್ ಹೊಡೆಯಬಹುದೇ? ಕೆಲಸ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಮಣ್ಣುನೀರು:
ಬೇಡ, ಕತ್ತಿಯಿಂದಲೇ ಸವರಿಸಿ. ಆ ಔಷಧಿಯ ಹಲವು ಮಿಶ್ರಣಗಳಲ್ಲಿರುವ ಸಾಬೂನಿನಂಥ ದ್ರಾವಣ ಗೊದಮೊಟ್ಟೆಗಳಿಗೆ ವಿಷ.

ಪರೀಕ್ಷೆಗೆ ಎರಡು ಒಂದು ಲೀಟರಿನ ಪಾರದರ್ಶಕ ಬಾಟಲಿ ಸಾಕು. ಜೋರು ಮಳೆ ಸುರಿಯುವಾಗ ಒಂದರಲ್ಲಿ ಹಡ್ಲಿಗೆ ಬೀಳುವ ನೀರು, ಇನ್ನೊಂದರಲ್ಲಿ ಹೊರಹೋಗುವ ನೀರು ಹಿಡಿದು ಒಂದು ದಿನ ಅಲ್ಲಾಡಿಸದೆ ಇಡಿ. ತಳದ ಹೂಳನ್ನು ಅಳೆಯಿರಿ. ಹಡ್ಲಿಗೆ ಬೀಳುವ ನೀರಿನ ಬಾಟಲಿಯಲ್ಲೇ ಬೆರಳು ದಪ್ಪ ಕೂತಿದ್ದರೆ ಯಾವುದೋ ಅಡ್ಡದಿಣ್ಣೆ ಒಡೆದಿದೆ, ಮಳೆಯಲ್ಲೇ ಹೋಗಿ ಹುಡುಕಿ. ಎರಡರಲ್ಲೂ ಒಂದೇ ಅಳತೆ ಬಂದರೆ ಹಡ್ಲಿನೊಳಗೆ ನೀರು ಕಾಲುವೆ ಕೊರೆದುಕೊಂಡಿದೆ.