ಹಿಂದಿನವರ ತಪ್ಪಿಗೆ ಈಗಿನ ಹುಡುಗರ ಟೀಮ್ ಬಂದ್: ಇದೆಂಥ ನ್ಯಾಯ?

ಪಾಚಿ ಕೋರ್ಟ್:
ನಮಸ್ಕಾರ. ನಾನು ಸಾಗರದ ಕಡೆಯವನು, ಮೊಬೈಲ್ ರಿಪೇರಿ ಅಂಗಡಿ ಇಟ್ಕೊಂಡಿದೀನಿ. ಬೆಳಿಗ್ಗೆ ಅಂಗಡಿ ತೆಗೆಯೋಕೆ ಮುಂಚೆ ನಾನು ಓದಿದ ಕಾಲೇಜಿನ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಹೇಳ್ಕೊಡ್ತೀನಿ. ಸಂಬಳ ಗಿಂಬಳ ಎಂತದೂ ಇಲ್ಲ. ಕಾಲೇಜು ಯಾವ್ದು ಅಂತ ದಯವಿಟ್ಟು ಕೇಳ್ಬೇಡಿ.

ಹಿಂದೊಂದು ವರ್ಷ ಅಂತರ ಕಾಲೇಜು ಪಂದ್ಯದಲ್ಲಿ, ಡಿಗ್ರಿ ಮುಗಿಸಿ ಹೋಗಿದ್ದವನೊಬ್ಬನನ್ನ ಬೇರೆಯವನ ಐಡಿ ಕಾರ್ಡ್ ಮೇಲೆ ಆಡ್ಸಿದಾರೆ. ಆಗಿನ ಕೋಚ್‌ಗೂ ಕ್ಯಾಪ್ಟನ್‌ಗೂ ಗೊತ್ತಿತ್ತು. ಈಗ ಅದು ಬಯಲಾಗಿದೆ. ಆಡಿದವನು ಬೆಂಗಳೂರಲ್ಲಿ ಕೆಲಸಕ್ಕೆ ಸೇರ್ಕೊಂಡಿದಾನೆ, ಕೋಚ್ ಇನ್ನೊಂದು ಊರಲ್ಲಿ ಕೋಚಾಗೇ ಇದಾರೆ. ಇಲ್ಲಿ ಆಡಳಿತ ಮಂಡಳಿಯವರು ಎರಡು ವರ್ಷ ಟೀಮ್ ಕಳ್ಸಲ್ಲ ಅಂತ ನೋಟಿಸ್ ಹಾಕಿ ಕೋರ್ಟ್ ಗೇಟಿಗೂ ಬೀಗ ಜಡಿದಿದಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಡಿಗ್ರಿ ಇರೋದೇ ಮೂರು ವರ್ಷ ಮಾರಾಯ್ರೆ. ಅದ್ರಲ್ಲಿ ಎರಡು ಹೋದ್ರೆ ಉಳಿಯೋದೆಂತ?

ಹೊಸನಗರ ಕಡೆಯ ಒಬ್ಬ ಹುಡುಗ ಇದಾನೆ, ಆರಡಿ ಮೂರಿಂಚು. ಬಂದಾಗ ರಿಂಗ್ ಕೆಳಗೆ ಪಾಸ್ ಸಿಕ್ಕಿದ ಕೂಡ್ಲೇ ಬಾಲ್ ನೆಲಕ್ಕೆ ಬಡೀತಿದ್ದ. ಎದುರು ಟೀಮಿನ ಕುಳ್ಳ ಆಟಗಾರರು ಬಂದು ಕಿತ್ಕೊಂಡು ಹೋಗೋರು. ಬಾಲ್ ಗದ್ದದ ಹತ್ರ ಇರ್ಲಿ, ಮೊಣಕೈ ಅಗಲ ಇರ್ಲಿ, ಮೊದ್ಲು ಹಿಂದೆ ಯಾರಿದಾರೆ ಅಂತ ಬೆನ್ನಲ್ಲೇ ತಿಳ್ಕೊ, ಆಮೇಲೆ ಕಾಲು ತಿರುಗ್ಸು ಅಂತ ಒಂದು ಇಡೀ ಮಳೆಗಾಲ ಹೇಳಿದೀನಿ. ಮಳೆಗಾಲದಲ್ಲಿ ನಮ್ಮ ಸಿಮೆಂಟ್ ಕೋರ್ಟ್ ಪೂರ್ತಿ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ಬೋರ್ಡಿನ ಕೆಳಗೆ ಒಂದಿಷ್ಟು ಜಾಗ ಮಾಡ್ಕೊಳ್ತಿದ್ವಿ. ಅವನಷ್ಟು ಎತ್ತರದವರು ಬೇರೆ ಯಾರೂ ಇಲ್ಲ, ಹಂಗಾಗಿ ನಾನೇ ಉದ್ದ ಪೊರಕೆ ಎತ್ತಿ ಹಿಡ್ಕೊಂಡು ಅವನ ಶಾಟ್ ತಡೀತಿದ್ದೆ. ಈಗ ಎಡಗೈಲೂ ಚೆನ್ನಾಗಿ ಹಾಕ್ತಾನೆ. ಆದ್ರೆ ಪೊರಕೆ ಭುಜ ಕೊಟ್ಟು ನೂಕಲ್ಲ. ಅದಕ್ಕೆ ಮ್ಯಾಚೇ ಬೇಕು.

ಬೇರೆ ಕಡೆ ಇಂಥದಕ್ಕೆ ಎಂತ ಮಾಡ್ತಾರೆ? ಪ್ರಿನ್ಸಿಪಾಲರ ಹತ್ರ ಹೋಗಿ ಏನು ಕೇಳ್ಬೋದು?

ನಿದ್ದೆಗೆಟ್ಟವ:
ನಾನು ತೀರ್ಥಹಳ್ಳಿಯವನು. ಬೆಳಗಿನ ಜಾವ ಎದ್ದು ಅಮೆರಿಕದ ಕಾಲೇಜು ಮ್ಯಾಚ್ ನೋಡೋ ಚಟ ಇದೆ. ನಿಮ್ಮ ಕಥೆ ಅಲ್ಲಿ ಸುಮಾರು ಸಲ ಆಗಿದೆ.

ಲೂಯಿವಿಲ್ ಅಂತ ದೊಡ್ಡ ಟೀಮು. ಹೊಸ ಹುಡುಗರನ್ನ ಸೆಳೆಯೋಕೆ ಸಿಬ್ಬಂದಿಯೊಬ್ಬ ಹಾಸ್ಟೆಲಲ್ಲಿ ಹೊಲಸು ಪಾರ್ಟಿ ನಡೆಸಿದ್ದು ಹೊರಗೆ ಬಂತು. 2016ರಲ್ಲಿ ಕಾಲೇಜಿನವರು ತಾವೇ ಮುಂದಾಗಿ, ಈ ವರ್ಷ ನಾಕೌಟ್ ಟೂರ್ನಿಗೆ ನಾವು ಹೋಗಲ್ಲ ಅಂದ್ರು. ಡೇಮಿಯನ್ ಲೀ, ಟ್ರೇ ಲೂಯಿಸ್ ಇಬ್ಬರೂ ಬೇರೆ ಕಾಲೇಜಲ್ಲಿ ಡಿಗ್ರಿ ಮುಗಿಸಿ, ಉಳಿದಿದ್ದ ಒಂದೇ ಸೀಸನ್ ಆಡೋಕೆ ಆಗಷ್ಟೇ ಅಲ್ಲಿಗೆ ಬಂದಿದ್ರು. ಹಗರಣ ನಡೆದಾಗ ಅವರು ಆ ಊರಲ್ಲೇ ಇರ್ಲಿಲ್ಲ. ಆ ಟೂರ್ನಿ ಅವರಿಗೆ ಕೊನೆಗೂ ಸಿಗ್ಲಿಲ್ಲ. ಲೀ ಮುಂದೆ ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಗೆ ಹೋಗಿ 2022ರಲ್ಲಿ ಗೋಲ್ಡನ್ ಸ್ಟೇಟ್ ಟೀಮ್ ಜೊತೆ ಚಾಂಪಿಯನ್ ಆದ. 2018ರಲ್ಲಿ ಅಲ್ಲಿನ ಕಾಲೇಜು ಕ್ರೀಡೆ ನೋಡ್ಕೊಳ್ಳೋ ಸಂಸ್ಥೆ ಎನ್‌ಸಿಎಎ ಲೂಯಿವಿಲ್‌ನ 2013ರ ಪಟ್ಟವನ್ನೂ ಕಿತ್ಕೊಂಡಿತು.

ಇನ್ನು ಕನೆಕ್ಟಿಕಟ್ ಯೂನಿವರ್ಸಿಟಿ ಟೀಮು. ಹಿಂದಿನ ವರ್ಷಗಳ ಆಟಗಾರರು ಓದಲ್ಲಿ ಹಿಂದೆ ಬಿದ್ದಿದ್ರು ಅಂತ 2013ರ ಟೂರ್ನಿಯಿಂದ ಹೊರಗಿಟ್ರು. ಕೆಲವರು ಬೇರೆ ಕಾಲೇಜಿಗೆ ಹೋದ್ರು, ಶಬಾಜ್ ನೇಪಿಯರ್ ಉಳ್ಕೊಂಡ. ಆ ವರ್ಷ ಅವರು ಸೀಸನ್ ಪೂರ್ತಿ ಆಡಿ 20 ಮ್ಯಾಚ್ ಗೆದ್ರು, ಕೊನೆಯ ಟೂರ್ನಿ ಮಾತ್ರ ಇರ್ಲಿಲ್ಲ. ಮಾರನೇ ವರ್ಷ, 2014ರಲ್ಲಿ, ಫೈನಲಲ್ಲಿ ಕೆಂಟಕಿನ 60-54ರಲ್ಲಿ ಸೋಲಿಸಿ ಕಪ್ ಎತ್ತಿದ್ರು!

ನಿಮಗೆ ಬೇಕಾಗಿರೋ ಪಾಯಿಂಟ್ ಇದೇ ಅನ್ಸತ್ತೆ. ಅಲ್ಲಿ ಸಾಮಾನ್ಯವಾಗಿ ಕಪ್ ಕಿತ್ಕೋತಾರೆ, ಆಟ ಕಿತ್ಕೊಳಲ್ಲ. ನಿಮ್ಮಲ್ಲಿ ಎರಡೂ ಹೋಗಿದೆ. ಆಡ್ತಾ ಇದ್ರೆ ಎಷ್ಟು ಸುಧಾರಿಸ್ತಾರೆ ನೋಡಿ: ಬಡ್ಡಿ ಹೀಲ್ಡ್ ಅನ್ನೋ ಆಟಗಾರ ಓಕ್ಲಹೋಮಾ ಯೂನಿವರ್ಸಿಟಿಯಲ್ಲಿ ಮೊದಲ ವರ್ಷ ಮ್ಯಾಚಿಗೆ ಸರಾಸರಿ 7.8 ಪಾಯಿಂಟ್ ಹೊಡೀತಿದ್ದ, ನಾಲ್ಕನೇ ವರ್ಷ 25. ಮಧ್ಯದ ಎರಡು ವರ್ಷ ಗೇಟಿಗೆ ಬೀಗ ಬಿದ್ದಿದ್ರೆ ಆ ಹುಡುಗನ ಹೆಸರು ಯಾರಿಗೂ ಗೊತ್ತಾಗ್ತಿರ್ಲಿಲ್ಲ.

ಹಳೇ ಪಿ.ಇ. ಮೇಷ್ಟ್ರು:
ತಮ್ಮಾ, ನಿನ್ನ ಸಿಟ್ಟು ಅರ್ಥ ಆಗುತ್ತೆ. ಆದರೆ ಆ ದಿನ ನಿಮ್ಮ ಟೀಮಿಗೆ ಸೋತು ಬಸ್ ಹತ್ತಿದ ಹುಡುಗರ ಬಗ್ಗೆ ಇಲ್ಲಿ ಒಬ್ಬರೂ ಮಾತಾಡಲಿಲ್ಲ. ಯೂನಿವರ್ಸಿಟಿ ಟೀಮಿಗೆ ಆಯ್ಕೆ ಮಾಡುವವರು ಅಂತರ ಕಾಲೇಜು ಪಂದ್ಯದಲ್ಲೇ ಕಣ್ಣಿಟ್ಟು ಕೂತಿರುತ್ತಾರೆ. ಮೊದಲ ಸುತ್ತಲ್ಲೇ ಸೋತವನನ್ನು ಯಾರು ನೋಡುತ್ತಾರೆ? ದಕ್ಷಿಣ ವಲಯದ ಅಂತರ ಯೂನಿವರ್ಸಿಟಿ ಪಂದ್ಯಕ್ಕೆ ಹೋಗಬೇಕಿದ್ದ ಒಬ್ಬನ ಜಾಗವನ್ನು ನಿಮ್ಮವರು ತಿಂದಿದ್ದಾರೆ. ಕಾಲೇಜಿಗೆ ಏನೂ ಆಗುವುದಿಲ್ಲ ಅಂತಾದರೆ ಮುಂದಿನ ಸಲವೂ ಇದೇ ನಡೆಯುತ್ತೆ. ನನ್ನ ಸರ್ವೀಸಿನಲ್ಲಿ ಇಂಥ ಐಡಿ ಕಾರ್ಡು ಬೇಕಾದಷ್ಟು ನೋಡಿದ್ದೇನೆ. ಫೋಟೋದಲ್ಲಿ ಮೀಸೆ ಇಲ್ಲ, ಎದುರಿಗೆ ನಿಂತವನಿಗೆ ಪೊದೆ ಮೀಸೆ!

ದಂಡ ಹಾಕಲಿ ಅನ್ನಬೇಡಿ. ಆ ದುಡ್ಡು ಕೊನೆಗೆ ಮಕ್ಕಳ ಕ್ರೀಡಾ ಶುಲ್ಕದಿಂದಲೇ ಹೋಗುತ್ತೆ.

ನಿದ್ದೆಗೆಟ್ಟವ:
ಸಾರ್, ದಂಡದ ವಿಷಯದಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಒಂದು ಉದಾಹರಣೆ ಇದೆ. ಟೆನೆಸ್ಸೀ ಯೂನಿವರ್ಸಿಟಿಯವರದು ಕಂಡಾಪಟ್ಟೆ ನಿಯಮ ಮುರಿದ ಕೇಸು. 2023ರಲ್ಲಿ 80 ಲಕ್ಷ ಡಾಲರಿಗಿಂತ ಹೆಚ್ಚು ದಂಡ ಹಾಕಿದ್ರು, ಆಗ ಆಡ್ತಿದ್ದ ಆಟಗಾರರನ್ನ ಸೀಸನ್ ಕೊನೆಯ ಪಂದ್ಯದಿಂದ ಹೊರಗಿಡ್ಲಿಲ್ಲ. ಹಳೇ ಕೋಚ್ ಮೇಲೆ ಆರು ವರ್ಷದ ನಿರ್ಬಂಧ. ಅವನನ್ನ ಯಾವ ಕಾಲೇಜು ಕೆಲಸಕ್ಕೆ ಕರೆದ್ರೂ ನಿರ್ಬಂಧ ಅವನ ಬೆನ್ನಿಗೇ ಹೋಗತ್ತೆ. ನಮ್ಮಲ್ಲಿ ಕೋಚ್ ಊರು ಬದಲಿಸಿದ್ರೆ ಮುಗೀತು, ಪಾಪ ಪರಿಹಾರ.

ಶರಾವತಿ ಹಿನ್ನೀರು:
ಅಣ್ಣ, ಹುಡುಗಿಯರ ಟೀಮ್ ಇಲ್ವಾ ನಿಮ್ಮಲ್ಲಿ? ಕೋರ್ಟ್‌ಗೆ ಬೀಗ ಅಂದ್ರೆ ಅವರಿಗೂ ಬೀಗ ತಾನೆ? ನಾವು ಓದೋವಾಗ ಹುಡುಗರು ಹೊಡೆದಾಡ್ಕೊಂಡಿದ್ದಕ್ಕೆ ನಮಗೂ ಪ್ರಾಕ್ಟೀಸ್ ನಿಲ್ಸಿದ್ರು. ಆ ವರ್ಷ ಮೂರು ಜನ ಆಟ ಬಿಟ್ಟೇ ಬಿಟ್ರು. ಅವರ ಮನೆಯವರು ಇದೇ ನೆಪಕ್ಕೆ ಕಾಯ್ತಿದ್ರು.

ಪಾಚಿ ಕೋರ್ಟ್:
ಇದಾರೆ ತಂಗಿ, ಅವರೂ ಹೊರಗೇ. ಪ್ರಿನ್ಸಿಪಾಲರಿಗೆ ಈ ಮಾತು ಮೊದ್ಲು ಹೇಳ್ತೀನಿ, ಅದಕ್ಕೆ ಅವರ ಹತ್ರ ಉತ್ತರ ಇರಲ್ಲ.

ಮೇಷ್ಟ್ರೆ, ನೀವಂದಿದ್ದು ಸರಿ, ಸೋತವರಿಗೂ ಅನ್ಯಾಯ ಆಗಿದೆ. ಆದ್ರೆ ನನ್ನ ಹುಡುಗನ್ನ ಕೂರ್ಸಿದ್ರೆ ಅವರಿಗೇನು ಸಿಗತ್ತೆ? ಆ ವರ್ಷದ ಗೆಲುವು ಅಳಿಸ್ಲಿ, ಶೀಲ್ಡ್ ವಾಪಸ್ ಕೊಡ್ಲಿ, ನಾನೇ ಹೊತ್ಕೊಂಡು ಹೋಗಿ ಕೊಟ್ಟು ಬರ್ತೀನಿ. ಈ ವರ್ಷ ಗೆದ್ರೂ ಕಪ್ ಬೇಡ ಅಂತ ಬರ್ಕೊಡೋಕೂ ತಯಾರು. ಆಡೋಕೆ ಬಿಡ್ಲಿ ಸಾಕು.

ಹಳೇ ಪಿ.ಇ. ಮೇಷ್ಟ್ರು:
ಹಾಗಾದರೆ ಅರ್ಜಿಯಲ್ಲಿ ಅದನ್ನೇ ಬರೆ, ಕಪ್ ಬೇಡ ಅನ್ನುವುದು ಮೊದಲ ಸಾಲಲ್ಲೇ ಇರಲಿ. ಟೀಮ್ ಪಟ್ಟಿಯ ಜೊತೆ ಪ್ರತಿಯೊಬ್ಬನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಈ ವರ್ಷದ ಫೀ ರಸೀದಿ ಇಡುತ್ತೇವೆ, ಎದುರು ಟೀಮಿನವರು ಯಾವಾಗ ಬೇಕಾದರೂ ನೋಡಬಹುದು ಅಂತ ಸೇರಿಸು. ಹುಡುಗರ ಸಹಿ ಬೇಡ, ಮುಂದೆ ಅವರನ್ನೇ ಗುರಿ ಮಾಡುತ್ತಾರೆ. ನೀನೊಬ್ಬನೇ ಹಾಕು.

ಅಲ್ಲಿಯವರೆಗೆ ಭಾನುವಾರ ಎಲ್ಲರನ್ನೂ ಕರೆದುಕೊಂಡು ಭದ್ರಾವತಿಗೆ ಬಾ. ನಮ್ಮ ಹಳಬರದೊಂದು ಗುಂಪು ಆಡುತ್ತೆ. ಅದರಲ್ಲಿ ನಿವೃತ್ತ ಪೊಲೀಸರೊಬ್ಬರಿದ್ದಾರೆ, ನಿನ್ನ ಹೊಸನಗರದ ಹುಡುಗನಿಗೆ ಬೇಕಾದಷ್ಟು ಭುಜ ಕೊಡುತ್ತಾರೆ. ಹುಡುಗಿಯರೂ ಬರಲಿ, ಅವರಿಗೆ ಆರನೇ ಸೈಜಿನ ಬಾಲ್ ನೀನೇ ತರಬೇಕು, ನಮ್ಮಲ್ಲಿ ಏಳು ಮಾತ್ರ ಇದೆ.